ಟ್ಯೂನರ್ ಪೆಡಲ್ ಬದಲಿಸಬೇಕೇ: ಸ್ಟ್ರೋಬೊಸ್ಟಾಂಪ್ ಎಚ್‌ಡಿ ಬಳಸಿ ಕಂಡದ್ದು

ಹನ್ನೊಂದು ವರ್ಷಗಳಿಂದ ನನ್ನ ಪೆಡಲ್‌ಬೋರ್ಡಿನ (ಕಾಲಿನಿಂದ ಒತ್ತುವ ಪೆಟ್ಟಿಗೆಗಳನ್ನು ಜೋಡಿಸಿಡುವ ಹಲಗೆ) ಮೊದಲ ಸ್ಥಾನದಲ್ಲಿದ್ದ, ಗಿಟಾರಿನ ಶ್ರುತಿ ತೋರಿಸುವ ಟ್ಯೂನರ್ ಪೆಡಲ್ ಒಂದು ದಿನವೂ ಕೆಟ್ಟು ನಿಂತಿರಲಿಲ್ಲ. ಕಾಲಿನಿಂದ ಒತ್ತಿದರೆ ಆಂಪ್ಲಿಫೈಯರ್ ಮೌನವಾಗುತ್ತಿತ್ತು, ತಂತಿ ಮೀಟಿದರೆ ಸ್ವರದ ಅಕ್ಷರ ಮೂಡುತ್ತಿತ್ತು, ನಡುವಿನ ಹಸಿರು ದೀಪ ಹತ್ತಿದೊಡನೆ ಶ್ರುತಿ ಸೇರಿತೆಂದು ನಂಬಿ ಮುಂದಿನ ತಂತಿಗೆ ಹೋಗುತ್ತಿದ್ದೆ. ಆ ನಂಬಿಕೆ ಅಲುಗಿದ್ದು ಕಳೆದ ವರ್ಷ ಒಂದು ರೆಕಾರ್ಡಿಂಗ್ ವೇಳೆಯಲ್ಲಿ. ಒಂದೇ ಭಾಗವನ್ನು ಎರಡು ಸಲ ನುಡಿಸಿ ಒಂದರ ಮೇಲೊಂದು ಕೂಡಿಸಿದಾಗ, ಎರಡೂ ಸಲ ಹಸಿರು ದೀಪವನ್ನು ನೋಡಿಯೇ ಶ್ರುತಿ ಮಾಡಿದ್ದರೂ, ಮೂರನೆಯ ತಂತಿಯ ದೀರ್ಘ ಸ್ವರಗಳು ಅಲೆಅಲೆಯಾಗಿ ಏರಿಳಿಯುವುದು ಸ್ಪಷ್ಟವಾಗಿ ಕೇಳಿಸಿತು.

ಇದರ ಕಾರಣ ಪೆಡಲಿನ ಕೈಪಿಡಿಯಲ್ಲಿಯೇ ಇತ್ತು. ಒಂದು ಅರ್ಧಸ್ವರದ ಅಂತರವನ್ನು 100 ಸೆಂಟ್‌ಗಳಾಗಿ ಭಾಗಿಸುತ್ತಾರೆ. ನನ್ನ ಹಳೆಯ ಪೆಡಲಿನ ನಿಖರತೆ 3 ಸೆಂಟ್ ಆಚೀಚೆ. ಅಂದರೆ ಒಂದು ಸಲ 3 ಸೆಂಟ್ ಮೇಲೆ, ಇನ್ನೊಂದು ಸಲ 3 ಸೆಂಟ್ ಕೆಳಗೆ ನಿಂತರೂ ಅದು ಎರಡೂ ಸಲ ಹಸಿರನ್ನೇ ತೋರಿಸಬಹುದು. ಮೂರನೆಯ ತಂತಿಯ ಕಂಪನ ಸೆಕೆಂಡಿಗೆ 196. ಅಲ್ಲಿ 6 ಸೆಂಟ್ ವ್ಯತ್ಯಾಸವೆಂದರೆ ಸುಮಾರು ಒಂದೂವರೆ ಸೆಕೆಂಡಿಗೊಂದು ಅಲೆ, ಮತ್ತು ನಿಧಾನಗತಿಯ ಸಂಗೀತದಲ್ಲಿ ಅದು ಯಾರ ಕಿವಿಗೂ ಬೀಳುತ್ತದೆ. ನಿಖರತೆ 1 ಸೆಂಟ್ ಆಗಿದ್ದರೆ ಅತಿ ಕೆಟ್ಟ ಸಂದರ್ಭದಲ್ಲಿಯೂ ಒಂದು ಅಲೆಗೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, 0.1 ಸೆಂಟ್ ಆಗಿದ್ದರೆ ನಲವತ್ತು ಸೆಕೆಂಡುಗಳಿಗೂ ಮೀರುತ್ತದೆ, ಅಷ್ಟು ಹೊತ್ತಿಗೆ ತಂತಿಯ ನಾದವೇ ಅಡಗಿರುತ್ತದೆ. ಈ ಲೆಕ್ಕ ಮಾಡಿದ ಮೇಲೆ ಜಾಹೀರಾತುಗಳಲ್ಲಿ ಕಾಣುವ 0.02 ಸೆಂಟ್‌ನಂಥ ಅಂಕಿಗಳ ಬಗ್ಗೆ ನನಗಿದ್ದ ಆಸೆ ಕರಗಿತು. 3ರಿಂದ 1ಕ್ಕೆ ಇಳಿಯುವುದರಲ್ಲಿ ಕಿವಿಗೆ ದೊಡ್ಡ ಲಾಭವಿದೆ, 1ರಿಂದ 0.1ಕ್ಕೆ ಇಳಿಯುವುದರಲ್ಲಿ ರೆಕಾರ್ಡಿಂಗ್ ಮಾಡುವವರಿಗೆ ಲಾಭವಿದೆ, ಅದರಾಚೆಗಿನ ಅಂಕಿಗಾಗಿ ಪೆಡಲ್ ಬದಲಿಸಬೇಕಾಗಿಲ್ಲ.

ಹಣ ತೆಗೆಯುವ ಮುನ್ನ ಗಿಟಾರನ್ನೇ ಒಮ್ಮೆ ಪರೀಕ್ಷಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ತೊಂದರೆಯ ಒಂದು ಪಾಲು ಅಲ್ಲಿಯೇ ಇತ್ತು. ಮೂರನೆಯ ತಂತಿಯ ಬಿರಡೆಯನ್ನು ತಿರುಗಿಸುವಾಗ ಮೊದಲು ಏನೂ ಬದಲಾಗದೆ, ಬಳಿಕ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಕೊರಕಲುಗಳಿರುವ ಪಟ್ಟಿ) ಬಳಿ ‘ಟಿಕ್’ ಎಂಬ ಸಣ್ಣ ಸದ್ದಾಗಿ ಸ್ವರ ಒಮ್ಮೆಲೇ ಜಿಗಿಯುತ್ತಿತ್ತು. ತಂತಿ ನಟ್‌ನ ಕೊರಕಲಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂಬುದಕ್ಕೆ ಇದೇ ಗುರುತು. ತಂತಿಯನ್ನು ಸಡಿಲಿಸಿ, ಮೊನಚಾದ ಪೆನ್ಸಿಲಿನ ಸೀಸವನ್ನು ಆ ಕೊರಕಲಿಗೆ ನಾಲ್ಕಾರು ಸಲ ಉಜ್ಜಿದ ಮೇಲೆ ಸದ್ದು ನಿಂತಿತು, ಸ್ವರ ನಯವಾಗಿ ಏರತೊಡಗಿತು. ತಂತಿಯನ್ನು ಜೋರಾಗಿ ಮೀಟಿದಾಗ ಅದರ ಬಿಗುವು ಕ್ಷಣಕಾಲ ಹೆಚ್ಚಿ ಸ್ವರ ಕೆಲವು ಸೆಂಟ್ ಮೇಲೇರಿ ಆಮೇಲೆ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ವೇದಿಕೆಯಲ್ಲಿ ಬಿರುಸಾಗಿ ನುಡಿಸುವವರು ಶ್ರುತಿ ಮಾಡುವಾಗ ಮೆಲ್ಲಗೆ ಮೀಟಿದರೆ, ಎಂಥ ಟ್ಯೂನರ್ ಇದ್ದರೂ ನುಡಿಸುವಾಗ ಶ್ರುತಿ ಏರಿಯೇ ಕೇಳುತ್ತದೆ.

ಇಷ್ಟು ಸರಿಪಡಿಸಿದ ಮೇಲೂ ಅಲೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಆಗ ಮೂರು ಪೆಡಲ್‌ಗಳನ್ನು ಎದುರಿಗಿಟ್ಟುಕೊಂಡು ಯೋಚಿಸಿದೆ. ಬಾಸ್ ಟಿಯು-3 ಹೆಚ್ಚಿನವರಿಗೆ ಸಾಕಾಗುವ ಉಪಕರಣವೆಂಬುದರಲ್ಲಿ ನನಗೆ ಅನುಮಾನವಿಲ್ಲ: 1 ಸೆಂಟ್ ನಿಖರತೆ, 21 ದೀಪಗಳ ಸಾಲು, ಬಿಸಿಲಿನಲ್ಲಿಯೂ ಕಾಣುವಂತೆ ಬೆಳಕನ್ನು ಹೆಚ್ಚಿಸುವ ವ್ಯವಸ್ಥೆ, ತುಳಿದರೂ ಜಗ್ಗದ ಲೋಹದ ಮೈ. ಟಿಸಿ ಎಲೆಕ್ಟ್ರಾನಿಕ್‌ನ ಪಾಲಿಟ್ಯೂನ್ 3ರಲ್ಲಿ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರೆ ಯಾವುದು ತಪ್ಪಿದೆಯೆಂದು ಒಂದೇ ನೋಟಕ್ಕೆ ತಿಳಿಯುತ್ತದೆ, ಎರಡು ಹಾಡುಗಳ ನಡುವೆ ಹತ್ತು ಸೆಕೆಂಡು ಮಾತ್ರ ಸಿಗುವವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೊಂದಿಲ್ಲ. ನನ್ನ ಕೆಲಸ ಹೆಚ್ಚಾಗಿ ರೆಕಾರ್ಡಿಂಗ್ ಆದ್ದರಿಂದ ಪೀಟರ್ಸನ್ ಸ್ಟ್ರೋಬೊಸ್ಟಾಂಪ್ ಎಚ್‌ಡಿಯನ್ನು ಆರಿಸಿದೆ. ಅದರ ನಿಖರತೆ 0.1 ಸೆಂಟ್.

ಇದರಲ್ಲಿ ಸೂಜಿಯೂ ಇಲ್ಲ, ಹಸಿರು ದೀಪವೂ ಇಲ್ಲ. ಅಗಲವಾದ ಪರದೆಯ ಮೇಲೆ ಪಟ್ಟಿಗಳ ಒಂದು ಚಿತ್ರ ಹರಿಯುತ್ತಿರುತ್ತದೆ. ಶ್ರುತಿ ಏರಿದ್ದರೆ ಒಂದು ದಿಕ್ಕಿಗೆ, ಇಳಿದಿದ್ದರೆ ಎದುರು ದಿಕ್ಕಿಗೆ, ಹತ್ತಿರ ಬಂದಷ್ಟೂ ನಿಧಾನವಾಗಿ. ಮೊದಲ ವಾರ ಇದು ನನ್ನ ತಾಳ್ಮೆಯನ್ನು ಪರೀಕ್ಷಿಸಿತು, ಏಕೆಂದರೆ ಬೆರಳು ತಂತಿಯನ್ನು ಬಿಟ್ಟ ಕ್ಷಣದ ಏರಿಕೆಯನ್ನೂ ಅದು ಮುಚ್ಚಿಡದೆ ತೋರಿಸುತ್ತದೆ. ಕುತ್ತಿಗೆಯ ಬದಿಯ ಪಿಕಪ್ಪಿಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬದಲಿಸಿ, ಟೋನ್ ಗುಬುಟನ್ನು ತಗ್ಗಿಸಿ, ನುಡಿಸುವಷ್ಟೇ ಬಲದಿಂದ ಒಮ್ಮೆ ಮೀಟಿ, ಅರೆಕ್ಷಣ ಬಿಟ್ಟು ಪರದೆಯನ್ನು ನೋಡುವ ಅಭ್ಯಾಸವಾದ ಮೇಲೆ ಆರು ತಂತಿಗಳ ಕೆಲಸ ಹಳೆಯ ಪೆಡಲಿಗಿಂತ ಬೇಗ ಮುಗಿಯತೊಡಗಿತು. ಬಿರಡೆಯನ್ನು ಎತ್ತ ತಿರುಗಿಸಬೇಕು, ಎಷ್ಟು ಬಾಕಿಯಿದೆ ಎಂಬೆರಡನ್ನೂ ಚಲನೆಯೇ ಹೇಳುತ್ತದೆ. ದೀಪಗಳು ಮಿನುಗುತ್ತ ನಡುವೆ ತೂಗಾಡುವಾಗ ಬರುತ್ತಿದ್ದ ಗೊಂದಲ ಇಲ್ಲಿಲ್ಲ.

ಇದರ ಇನ್ನೊಂದು ಗುಣ ‘ಸ್ವೀಟನರ್’ ಎಂಬ ಸಿದ್ಧ ಶ್ರುತಿಗಳು. ಸಪ್ತಕವನ್ನು ಹನ್ನೆರಡು ಸಮ ಅರ್ಧಸ್ವರಗಳಾಗಿ ಭಾಗಿಸುವ ಸಮಭಾಗದ ಶ್ರುತಿಯಲ್ಲಿ ಸಾ–ಗಾಂಧಾರದ ಅಂತರ, ನಮ್ಮ ಕಿವಿ ಶುದ್ಧವೆಂದು ಒಪ್ಪುವ ಅಂತರಗಾಂಧಾರಕ್ಕಿಂತ ಸುಮಾರು 14 ಸೆಂಟ್ ಹೆಚ್ಚು. ತಂಬೂರಿಯ ನಾದದಲ್ಲಿ ಕಿವಿ ಪಳಗಿದವರಿಗೆ ಗಿಟಾರಿನ ಮೇಜರ್ ಕಾರ್ಡ್ (ಸಾ, ಅಂತರಗಾಂಧಾರ, ಪಂಚಮ ಒಟ್ಟಿಗೆ ನುಡಿಯುವುದು) ತುಸು ಒರಟಾಗಿ ಕೇಳಿಸುವುದು ಇದರಿಂದಲೇ. ಸ್ವೀಟನರ್ ತಂತಿತಂತಿಗೆ ಕಿರಿದಾದ ತಿದ್ದುಪಡಿ ಮಾಡಿ ಈ ಒರಟನ್ನು ಸ್ವಲ್ಪ ತಗ್ಗಿಸುತ್ತದೆ. ಒಬ್ಬರೇ ನುಡಿಸುವಾಗ ಫಲ ಕೇಳುತ್ತದೆ. ಕೀಬೋರ್ಡ್ ಜೊತೆಗಿದ್ದಾಗ ನಾನು ಸಮಭಾಗದ ಶ್ರುತಿಗೇ ಮರಳುತ್ತೇನೆ.

ಪೆಡಲ್ ಬದಲಿಸುವವರು ಬೈಪಾಸ್ ವಿಚಾರವನ್ನೂ, ಅಂದರೆ ಪೆಡಲ್ ಬಳಸದಿರುವಾಗ ಗಿಟಾರಿನ ಸಂಕೇತ ಅದನ್ನು ಹೇಗೆ ಹಾದುಹೋಗುತ್ತದೆ ಎಂಬುದನ್ನೂ, ಗಮನಿಸಬೇಕು. ಗಿಟಾರ್ ಕೇಬಲ್ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್‌ನಷ್ಟು ಕೆಪಾಸಿಟೆನ್ಸ್ (ವಿದ್ಯುತ್ ಆವೇಶವನ್ನು ಹಿಡಿದಿಡುವ ಗುಣ) ಹೊಂದಿರುತ್ತದೆ, ಉದ್ದ ಹೆಚ್ಚಿದಂತೆ ಮೇಲಿನ ಕಂಪನಗಳು ಮಸುಕಾಗುತ್ತವೆ. ಸಾಲಿನ ಮೊದಲಿಗಿರುವ ಟ್ಯೂನರಿನಲ್ಲಿ ಬಫರ್ (ಸಂಕೇತಕ್ಕೆ ಬಲ ಕೊಟ್ಟು ಮುಂದಕ್ಕೆ ಕಳಿಸುವ ಸರ್ಕ್ಯೂಟ್) ಇದ್ದರೆ ಅದರ ಮುಂದಿನ ಕೇಬಲ್‌ಗಳಲ್ಲಿ ಈ ನಷ್ಟ ತಪ್ಪುತ್ತದೆ, ಆದರೆ ನಾದವನ್ನು ಬೇಕೆಂದೇ ಒರಟಾಗಿಸುವ ಹಳೆಯ ಮಾದರಿಯ ಫಜ್ ಪೆಡಲ್‌ಗಳು ಬಫರಿನ ನಂತರ ತಮ್ಮ ಸೊಗಸನ್ನು ಕಳೆದುಕೊಳ್ಳುತ್ತವೆ. ಟಿಯು-3ರಲ್ಲಿ ಬಫರ್ ಸದಾ ಇರುತ್ತದೆ. ಪಾಲಿಟ್ಯೂನ್ 3 ಮತ್ತು ಸ್ಟ್ರೋಬೊಸ್ಟಾಂಪ್ ಎಚ್‌ಡಿಗಳಲ್ಲಿ ಬಫರ್ ಅಥವಾ ಟ್ರೂ ಬೈಪಾಸ್ (ಸಂಕೇತ ಯಾವ ಸರ್ಕ್ಯೂಟನ್ನೂ ಮುಟ್ಟದೆ ನೇರ ಹಾಯುವುದು) ಎಂದು ಆರಿಸಿಕೊಳ್ಳಬಹುದು, ಫಜ್ ಇಟ್ಟುಕೊಂಡವರಿಗೆ ಈ ಆಯ್ಕೆಯೊಂದೇ ಬದಲಿಸಲು ಸಾಕಷ್ಟು ಕಾರಣವಾಗುತ್ತದೆ.

ಹೊಸ ಪೆಡಲ್ ಬಂದ ಮೇಲೆ ಅದೇ ಭಾಗವನ್ನು ಮತ್ತೆ ಎರಡು ಸಲ ನುಡಿಸಿ ಕೂಡಿಸಿದೆ. ಮೂರನೆಯ ತಂತಿಯ ಸ್ವರ ಅಡಗುವವರೆಗೂ ಕಣ್ಣುಮುಚ್ಚಿ ಕೇಳಿದೆ. ಎರಡು ಗಿಟಾರುಗಳು ಒಂದೇ ನಾದವಾಗಿ ನಿಂತವು. ನನ್ನ ಹಳೆಯ ಪೆಡಲ್ 1 ಸೆಂಟ್ ನಿಖರತೆಯದಾಗಿದ್ದು, ನಾನು ವೇದಿಕೆಯಲ್ಲಿ ಮಾತ್ರ ನುಡಿಸುವವನಾಗಿದ್ದರೆ, ಪೆನ್ಸಿಲಿನ ಸೀಸ ಉಜ್ಜಿ ಹೊಸ ತಂತಿ ಹಾಕಿಕೊಂಡು ಅದನ್ನೇ ಮುಂದುವರಿಸುತ್ತಿದ್ದೆ.