ಡಬಲ್ ಡಿಸ್ಕ್ ನೋಡಿ ಸೈಕಲ್ ತಗೋಬೇಡಿ

ಹೋದ ಮಳೆಗಾಲದಲ್ಲಿ ತುಮಕೂರಿನ ಬಟವಾಡಿ ಹತ್ತಿರ, ಬಿ.ಎಚ್. ರಸ್ತೆಯಲ್ಲಿ, ನನ್ನ ಸೈಕಲ್ಲಿನ ಎಡಗಡೆ ಪೆಡಲ್ ಕಿತ್ತು ಬಂತು. ಕೆಲಸಕ್ಕೆ ಹೋಗುವ ಹೊತ್ತು. ತುಳಿಯುತ್ತಿದ್ದ ಕಾಲು ತಟ್ಟನೆ ಕೆಳಗೆ ಜಾರಿತು, ಎಡಕ್ಕೆ ಬಿದ್ದೆ. ಫುಟ್‌ಪಾತಿನ ಅಂಚಿಗೆ ಕೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಬಲಕ್ಕೆ ಬಿದ್ದಿದ್ದರೆ ಬಸ್ಸಿನಡಿಗೆ ಹೋಗುತ್ತಿದ್ದೆ. ಆ ಸೈಕಲ್ ತಗೊಂಡು ಆಗಿನ್ನೂ ಆರು ವಾರ.

ನನ್ನ ಕೆಲಸ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ. ಮನೆಯಿಂದ ಆರೇಳು ಕಿಲೋಮೀಟರ್. ಹಳೆಯ ಸೈಕಲ್ ಸವೆದಿತ್ತು, ಒಳ್ಳೆಯದೊಂದು ತಗೊಳ್ಳೋಣ ಅಂತ ಆನ್‌ಲೈನಿನಲ್ಲಿ ಹುಡುಕಿದೆ. ಹನ್ನೆರಡು ಸಾವಿರಕ್ಕೆ 21 ಗೇರ್, ಹಿಂದೆ ಮುಂದೆ ಡಿಸ್ಕ್ ಬ್ರೇಕ್, ಎರಡೂ ಕಡೆ ಸಸ್ಪೆನ್ಷನ್. ಫೋಟೋ ನೋಡಿದರೆ ಬೈಕಿನ ಹಾಗಿತ್ತು. ಅಷ್ಟು ದುಡ್ಡಿಗೆ ಅಷ್ಟೆಲ್ಲ ಕೊಡುತ್ತಾರೆ ಅಂದರೆ ಎಲ್ಲೋ ಉಳಿಸಿರಲೇಬೇಕು, ಅಲ್ವಾ? ಆಗ ನನಗೆ ಅದು ಹೊಳೆಯಲಿಲ್ಲ.

ಸೈಕಲ್ ಬಾಕ್ಸಿನಲ್ಲಿ ಬಂತು. ಮುಂದಿನ ಚಕ್ರ, ಹ್ಯಾಂಡಲ್, ಸೀಟು, ಪೆಡಲ್ ನಾವೇ ಹಾಕಿಕೊಳ್ಳಬೇಕು. ಮಾರಿದವರೇ ಒಬ್ಬ ಹುಡುಗನನ್ನು ಕಳಿಸಿದರು. ಇಪ್ಪತ್ತು ನಿಮಿಷದಲ್ಲಿ ಜೋಡಿಸಿ ಹೊರಟ. ಪೆಡಲ್ ಹಾಕುವಾಗ ಸ್ಪ್ಯಾನರಿನ ಮೇಲೆ ಇಡೀ ಮೈ ಭಾರ ಬಿಟ್ಟಿದ್ದ. ಬಿಗಿಯಾಗಿರಲಿ ಅಂತ ಮಾಡುತ್ತಿದ್ದಾನೆ ಅಂದುಕೊಂಡೆ. ತಪ್ಪು ನಡೆದದ್ದು ಅಲ್ಲೇ.

ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಹೆಚ್ಚುಕಮ್ಮಿ ಎಲ್ಲ ಸೈಕಲ್ಲಿನಲ್ಲೂ ಬಲಗಡೆ ಪೆಡಲ್‌ದು ಮಾಮೂಲಿ ಮರೆ, ಅಂದರೆ ಸ್ಕ್ರೂನಲ್ಲಿರುವಂಥ ಸುತ್ತುಗೆರೆ. ಎಡಗಡೆಯದು ಉಲ್ಟಾ ಮರೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೆಡಲ್ ಕಡ್ಡಿಯ ತುದಿಯಲ್ಲಿ ಸಾಮಾನ್ಯವಾಗಿ 'ಎಲ್', 'ಆರ್' ಅಂತ ಸಣ್ಣದಾಗಿ ಕೊರೆದಿರುತ್ತಾರೆ. ಎಲ್ ಎಡಕ್ಕೆ, ಆರ್ ಬಲಕ್ಕೆ. ಸರಿಯಾದ ಪೆಡಲ್ ಆದರೆ ಬರಿ ಬೆರಳಲ್ಲೇ ಏಳೆಂಟು ಸುತ್ತು ಸಲೀಸಾಗಿ ಒಳಗೆ ಹೋಗುತ್ತದೆ, ಸ್ಪ್ಯಾನರ್ ಬೇಕಾಗುವುದು ಕೊನೆಯ ಬಿಗಿಗೆ ಮಾತ್ರ. ಎರಡನೇ ಸುತ್ತಿಗೇ ಗಟ್ಟಿಯಾದರೆ ಅಲ್ಲಿಗೇ ನಿಲ್ಲಿಸಿ. ಆ ಹುಡುಗ ಎರಡನ್ನೂ ಅದಲು ಬದಲು ಮಾಡಿ ಒತ್ತಾಯದಿಂದ ತುರುಕಿದ್ದ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಮೆತ್ತಗಿನ ಅಲ್ಯೂಮಿನಿಯಂದು, ಪೆಡಲ್ ಕಡ್ಡಿ ಉಕ್ಕಿನದು. ದಿನಾ ತುಳಿದಂತೆ ಉಕ್ಕು ಆ ಮರೆಯನ್ನು ತಿಂದು ಹಾಕಿತು. ಬೀಳುವ ಮೂರು ದಿನ ಮೊದಲಿಂದಲೂ ಎಡಗಡೆ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಭಾನುವಾರ ತೋರಿಸೋಣ ಅಂತ ಬಿಟ್ಟೆ. ಹಾಗೆ ಬಿಡಬಾರದಿತ್ತು.

ಕೈಗೆ ಪಟ್ಟಿ ಹಾಕಿಸಿಕೊಂಡ ಮೇಲೆ ಗುಬ್ಬಿ ಗೇಟ್ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಸೈಕಲ್ ಒಯ್ದೆ. ಅವರು ಮೊದಲು ನೋಡಿದ್ದು ಪೆಡಲ್ ಅಲ್ಲ, ಮುಂದಿನ ಚಕ್ರ ಹಿಡಿದಿರುವ ಕವಲು, ಅಂದರೆ ಫೋರ್ಕ್. "ಇದು ಹಿಂದೆ ಮುಂದೆ ಆಗಿದೆಯಲ್ಲ ಸ್ವಾಮಿ" ಅಂದರು. ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕಿನ ಭಾಗ ಎಡಗಡೆ, ಫೋರ್ಕಿನ ಹಿಂದೆ ಇರಬೇಕಿತ್ತು. ನನ್ನದರಲ್ಲಿ ಬಲಗಡೆ ಮುಂದಕ್ಕಿತ್ತು. ತಿರುವಿನಲ್ಲಿ ಮುಂದಿನ ಚಕ್ರ ಕಾಲಿನ ಬೆರಳಿಗೆ ಯಾಕೆ ತಾಗುತ್ತಿತ್ತು ಅಂತ ಆಗ ಗೊತ್ತಾಯಿತು.

ಮಾರಿದವರಿಗೆ ಫೋನ್ ಮಾಡಿದೆ. ಜೋಡಣೆಗೆ ವಾರಂಟಿ ಬರಲ್ಲ ಅಂದರು.

ಜೋಡಣೆ ಸರಿ ಇದ್ದಿದ್ದರೂ ಅದು ಕೆಲಸಕ್ಕೆ ಹೋಗುವವರ ಸೈಕಲ್ ಆಗಿರಲಿಲ್ಲ. ನಮ್ಮ ಗೋಡೌನಿನ ತಕ್ಕಡಿಯಲ್ಲಿ ತೂಗಿದರೆ 19 ಕೆಜಿ. ಸೀಟಿನ ಕೆಳಗಿನ ಸ್ಪ್ರಿಂಗು ಪ್ರತಿ ತುಳಿತಕ್ಕೂ ಕುಪ್ಪಳಿಸುತ್ತಿತ್ತು, ಕಾಲಿನ ಶಕ್ತಿ ಅರ್ಧ ಅದಕ್ಕೇ ಹೋದಂತಿತ್ತು. ಗುಂಡು ಗುಂಡು ಹಲ್ಲಿನ ದಪ್ಪ ಟಯರು ಕಾಡು ದಾರಿಗೆ ಸರಿ, ಟಾರು ರಸ್ತೆಯಲ್ಲಿ ಸುಮ್ನೆ ಎಳೆತ. ಮಡ್‌ಗಾರ್ಡ್ ಇಲ್ಲ, ಹಾಕಿಸೋಣ ಅಂದರೆ ಫ್ರೇಮಿನಲ್ಲಿ ತೂತೂ ಇಲ್ಲ. ಮಳೆ ಬಂದ ದಿನ ಬೆನ್ನಿನ ಮೇಲೆ ಕೆಸರಿನ ಪಟ್ಟೆ ಹೊತ್ತುಕೊಂಡು ಆಫೀಸಿಗೆ ಹೋಗುತ್ತಿದ್ದೆ. 21 ಗೇರ್ ಅಂದರೆ ಮುಂದೆ 3, ಹಿಂದೆ 7 ಹಲ್ಲುಚಕ್ರ. ಅದರಲ್ಲಿ ಎಷ್ಟೋ ಒಂದರ ಹಾಗೇ ಇನ್ನೊಂದು. ಊರೊಳಗೆ ನಾನು ಬಳಸಿದ್ದು ನಾಲ್ಕೋ ಐದೋ.

ಅಳತೆಯ ವಿಷಯ ಇನ್ನೂ ಮುಖ್ಯ. ನನ್ನ ಎತ್ತರ 5 ಅಡಿ 4 ಇಂಚು, ಅದರ ಫ್ರೇಮು 19 ಇಂಚು. ಎಲ್ಲರಿಗೂ ಒಂದೇ ಸೈಜ್ ಅಂತ ಮಾರಿದ್ದರು. ಸಿಗ್ನಲ್ಲಿನಲ್ಲಿ ಕಾಲೂರಿ ನಿಂತರೆ ಮೇಲಿನ ಕಂಬಿ ತೊಡೆಸಂದಿಗೆ ಒತ್ತುತ್ತಿತ್ತು. ಎರಡೂ ಪಾದ ನೆಲಕ್ಕೆ ಊರಿ ನಿಂತಾಗ ಕಂಬಿಗೂ ನಿಮಗೂ ನಡುವೆ ಒಂದೆರಡು ಇಂಚು ಜಾಗ ಇರಬೇಕು. ಸೀಟಿನ ಮೇಲೆ ಕೂತು ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ನಮ್ಮಲ್ಲಿ ಜಾಸ್ತಿ ಜನ ಸೀಟು ತಗ್ಗಿಸಿಕೊಂಡೇ ತುಳಿಯುತ್ತಾರೆ, ಮಂಡಿ ನೋವು ಅಂತ ಸೈಕಲ್ಲನ್ನೇ ಬಿಡುತ್ತಾರೆ. ಅದು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಈಗ ಇರುವುದು ಸಾದಾ ಹೈಬ್ರಿಡ್, ಅಂದರೆ ಊರಿನ ರಸ್ತೆಗೆ ಹೊಂದುವ ಸೈಕಲ್. ಸಸ್ಪೆನ್ಷನ್ ಇಲ್ಲ, ಡಿಸ್ಕ್ ಇಲ್ಲ. 38 ಮಿಲಿಮೀಟರ್ ಅಗಲದ ನುಣುಪು ಟಯರು, ಮಡ್‌ಗಾರ್ಡು, ಊಟದ ಡಬ್ಬಿಗೆ ಕ್ಯಾರಿಯರ್. ಅಂಗಡಿಯಿಂದ ಅಮಾನಿಕೆರೆವರೆಗೆ ತುಳಿದು ನೋಡಿಯೇ ದುಡ್ಡು ಕೊಟ್ಟೆ. ಇದರ ಬ್ರೇಕು ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕು, ಅದರ ರಬ್ಬರು ಸವೆದರೆ ಯಾವ ಸೈಕಲ್ ಅಂಗಡಿಯಲ್ಲಾದರೂ ಹಾಕಿಕೊಡುತ್ತಾರೆ. ಮೊದಲು ನಲವತ್ತು ನಿಮಿಷ ಹಿಡಿಯುತ್ತಿದ್ದ ದಾರಿ ಈಗ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ತರಕಾರಿ ಲಾರಿಗಳ ಪಕ್ಕ ಹೋಗುವಾಗ ಸೈಕಲ್ ನನ್ನ ಹಿಡಿತದಲ್ಲೇ ಇದೆ ಅನ್ನಿಸುತ್ತದೆ.

ಮರೆ ತಿಂದುಹೋದ ಆ ಕ್ರ್ಯಾಂಕ್ ಎಸೆದಿಲ್ಲ, ಆಫೀಸಿನ ಡ್ರಾದಲ್ಲಿದೆ. ಮೊನ್ನೆ ನಮ್ಮ ಸ್ಟೋರ್ಸಿನ ಹುಡುಗನೊಬ್ಬ ಅಂಥದ್ದೇ ಸೈಕಲ್ ಬುಕ್ ಮಾಡಿದ್ದೇನೆ ಅಂದ. ಕ್ರ್ಯಾಂಕ್ ತೆಗೆದು ಅವನ ಕೈಗೆ ಕೊಟ್ಟೆ. ಶನಿವಾರ ಅವನ ಬಾಕ್ಸ್ ಬರುತ್ತದೆ. ನಾನೂ ಹೋಗುತ್ತೇನೆ, ಪೆಡಲ್ ನನ್ನ ಕೈಯಿಂದಲೇ ತಿರುಗಿಸಿ ನೋಡುತ್ತೇನೆ.