ಎ ಫೀಡ್, ಬಿ ಫೀಡ್ ಅಂದರೆ ನಂಬಬೇಡಿ, ಕೇಬಲ್ ಎಲ್ಲಿಗೆ ಹೋಗುತ್ತೆ ನೋಡಿ

ಡೇಟಾ ಸೆಂಟರ್‌ನಲ್ಲಿ ಜಾಗ ಬಾಡಿಗೆಗೆ ಹಿಡಿದು ಸ್ವಂತ ಸರ್ವರ್ ಇಡುವವರು ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ಎ ಫೀಡ್, ಬಿ ಫೀಡ್ ಅಂದರೆ ಒಂದು ಹೋದರೂ ಇನ್ನೊಂದು ಇರಲಿ ಅಂತ ಸರ್ವರ್‌ಗೆ ಕೊಡುವ ಎರಡು ಬೇರೆಬೇರೆ ಕರೆಂಟ್ ದಾರಿ. ಕಂಪನಿಯ ಹೆಸರು ಬರೆಯುವುದಿಲ್ಲ.

ನಾವು ರಾಯಚೂರಿನ ಗಂಜ್‌ನ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುತ್ತೇವೆ. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಥರ್ಮಲ್ ಸ್ಟೇಷನ್ ಇದ್ದರೂ ನಮ್ಮೂರಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಅದಕ್ಕೇ ಸರ್ವರ್ ಬೆಂಗಳೂರಿನಲ್ಲಿ ಇಟ್ಟದ್ದು.

ಹತ್ತಿ ಸೀಸನ್. ತೂಕ ಮುಗಿದು ರೈತರು ಪಟ್ಟಿಗೆ, ಅಂದರೆ ಲೆಕ್ಕದ ಚೀಟಿಗೆ, ಕಾಯುತ್ತಿದ್ದರು. ಎಲ್ಲ ಅಂಗಡಿಗಳಲ್ಲೂ ಒಟ್ಟಿಗೇ ಸ್ಕ್ರೀನ್ ನಿಂತಿತು. "ಏನ್ರೀ, ಬೆಂಗಳೂರಾಗೂ ಕರೆಂಟ್ ಹೋಗ್ತದೇನ್ರೀ?" ಅಂತ ಒಬ್ಬ ಸಾವುಕಾರರು ಫೋನ್ ಮಾಡಿದರು. ಹೋಗಿತ್ತು. ಅವತ್ತಿನ ಪಟ್ಟಿಗಳನ್ನೆಲ್ಲ ಕಾರ್ಬನ್ ಇಟ್ಟು ಕೈಯಲ್ಲೇ ಬರೆದರು.

ಬೆನ್ನು ಬಿದ್ದು ಕೇಳಿದ ಮೇಲೆ ವಿಷಯ ಹೊರಬಿತ್ತು. ಲೈನ್ ಹೋದ ತಕ್ಷಣ ಜನರೇಟರ್ ಸ್ಟಾರ್ಟ್ ಆಗಿದೆ. ಆದರೆ ಲೋಡ್ ಅದರ ಮೇಲೆ ಹಾಕಬೇಕಾದ ಚೇಂಜ್‌ಓವರ್ ಸ್ವಿಚ್ ಅಲ್ಲಾಡಿಲ್ಲ. ಯುಪಿಎಸ್ ಬ್ಯಾಟರಿ ಇರುವುದೇ ಇಂಥ ಹೊತ್ತಿಗೆ. ಯಾರಾದರೂ ಓಡಿಹೋಗಿ ಕೈಯಲ್ಲಿ ಸ್ವಿಚ್ ತಿರುಗಿಸುವವರೆಗೆ ಅದು ತಡೆಯಬೇಕು. ತಡೆಯಲಿಲ್ಲ, ಹಳೇ ಬ್ಯಾಟರಿ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಸಾಮಾನ್ಯವಾಗಿ ಬಾಳುವುದು 3ರಿಂದ 5 ವರ್ಷ. ರೂಮಿನಲ್ಲಿ ಸೆಕೆ ಜಾಸ್ತಿಯಾದರೆ ಇನ್ನೂ ಕಮ್ಮಿ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಸರ್ವರ್‌ಗೆ ಎರಡು ಪವರ್ ಸಪ್ಲೈ ಇವೆ. ರ‍್ಯಾಕ್‌ನಲ್ಲೂ ಎರಡು ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿ), ಒಂದು ಕೆಂಪು, ಒಂದು ನೀಲಿ. ಎ ಫೀಡ್, ಬಿ ಫೀಡ್ ಅಂತ ನೀಟಾಗಿ ಚೀಟಿ ಬೇರೆ. ಎರಡಕ್ಕೂ ಬಾಡಿಗೆ ಕಟ್ಟುತ್ತಿದ್ದೆವು. ಹೋಗಿ ನೆಲದ ಹಲಗೆ ಎತ್ತಿಸಿ ನೋಡಿದರೆ, ಎರಡೂ ಕೇಬಲ್ ಜೊತೆಜೊತೆಯಾಗಿ ಕರೆಂಟ್ ಹಂಚುವ ಒಂದೇ ಡಿಬಿ ಬಾಕ್ಸ್‌ಗೆ ಹೋಗಿವೆ! ಅಲ್ಲಿಂದ ಒಂದೇ ಯುಪಿಎಸ್. ಬಣ್ಣಕ್ಕೆ ದುಡ್ಡು ಕೊಟ್ಟ ಹಾಗಾಯ್ತು, ಅಲ್ವಾ?

ಬ್ರೋಷರ್‌ನಲ್ಲಿ 'ಟೈರ್ 3 ಮಟ್ಟ' ಅಂತಿತ್ತು. ಆ 'ಮಟ್ಟ' ಅನ್ನುವ ಕಡೆ ಹುಷಾರು. ಟೈರ್ ಅಂದರೆ ಡೇಟಾ ಸೆಂಟರ್ ಎಷ್ಟು ನಂಬಿಕಸ್ಥ ಅನ್ನುವ ದರ್ಜೆ. ಅದರ ಸರ್ಟಿಫಿಕೇಟ್ ಕೊಡುವುದು ಅಪ್‌ಟೈಮ್ ಇನ್‌ಸ್ಟಿಟ್ಯೂಟ್. ನಕ್ಷೆಗೆ ಒಂದು ಸರ್ಟಿಫಿಕೇಟ್, ಕಟ್ಟಿ ಮುಗಿಸಿದ ಸೆಂಟರ್‌ಗೆ ಇನ್ನೊಂದು. ಎರಡನೆಯದನ್ನು ಕೇಳಿ. ಪಡೆದವರ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಟೈರ್ 3ಕ್ಕೆ ಹೇಳುವ ಹಾಗೆ 99.982 ಪರ್ಸೆಂಟ್ ಹೊತ್ತು ಚಾಲೂ ಇರುತ್ತೆ ಅಂದರೂ ವರ್ಷಕ್ಕೆ ಸುಮಾರು ಒಂದೂವರೆ ಗಂಟೆ ಬಂದ್ ಆಗಬಹುದು ಅಂತಲೇ ಲೆಕ್ಕ. ಪರಿಹಾರ? ಆ ತಿಂಗಳ ಬಾಡಿಗೆಯಲ್ಲಿ ಚೂರು ಕಡಿತ. ಕೆಟ್ಟುಹೋದ ಡೇಟಾಬೇಸ್ ರಿಪೇರಿ, ಸಾವುಕಾರರ ಬೈಗುಳ, ಎರಡೂ ನಮ್ಮ ಪಾಲಿಗೆ.

ಈಗ ಜಾಗ ಬದಲಾಯಿಸಿದ್ದೇವೆ. ಸೇರುವ ಮೊದಲು ಅವರ ಎಂಜಿನಿಯರ್ ಎದುರಿಗೇ ಎ ಕಡೆ ಬ್ರೇಕರ್ ಇಳಿಸಿಸಿದೆ. ಸರ್ವರ್ ನಡೆಯುತ್ತಲೇ ಇತ್ತು. ಆಮೇಲೆ ಬಿ ಕಡೆಯದು. ಒಂದೊಂದು ಕಡೆಯ ಲೋಡ್ ಅರ್ಧಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಒಂದು ಹೋದಾಗ ಪೂರ್ತಿ ಭಾರ ಇನ್ನೊಂದರ ಮೇಲೆ ಬಿದ್ದು ಅದೂ ಟ್ರಿಪ್ ಆಗುತ್ತೆ. ಬ್ಯಾಟರಿ ಬದಲಾಯಿಸಿದ ತಾರೀಖು, ಜನರೇಟರ್‌ಗೆ ನಿಜವಾದ ಲೋಡ್ ಕೊಟ್ಟು ಓಡಿಸಿದ ರಿಜಿಸ್ಟರ್ ಕೇಳಿ. ಖಾಲಿ ಓಡಿಸಿದ್ದು ಲೆಕ್ಕಕ್ಕಿಲ್ಲ. ತೋರಿಸಲ್ಲ ಅಂದರೆ ಎದ್ದು ಬನ್ನಿ.

ಒಪ್ಪಂದದ ಲಾಕ್-ಇನ್ (ಇಂತಿಷ್ಟು ಕಾಲ ಬಿಟ್ಟುಹೋಗುವಂತಿಲ್ಲ ಅನ್ನುವ) ಷರತ್ತನ್ನೂ ನೋಡಿಕೊಳ್ಳಿ. ಕರೆಂಟ್ ಕೈಕೊಟ್ಟರೆ ದಂಡವಿಲ್ಲದೆ ಹೊರಬರಬಹುದು ಅಂತ ಅದರಲ್ಲೇ ಬರೆಸಿ. ನಮ್ಮ ಡೆಪಾಸಿಟ್ ಇನ್ನೂ ವಾಪಸ್ ಬಂದಿಲ್ಲ.