ಎರಡು ಪ್ರೊಸೆಸರ್ ಅಂತ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ. ಮದುವೆ ಆಲ್ಬಮ್, ಫ್ಲೆಕ್ಸ್, ಮನೆ ಕಟ್ಟಿಸುವವರಿಗೆ ತ್ರೀಡಿ ಎಲಿವೇಶನ್ (ಮನೆ ಹೊರಗಿನಿಂದ ಹೇಗೆ ಕಾಣುತ್ತದೆ ಅನ್ನುವ ಚಿತ್ರ) ಮಾಡಿಕೊಡುತ್ತೇನೆ. ಹಳೇ ಕಂಪ್ಯೂಟರ್‌ನಲ್ಲಿ ಒಂದು ಎಲಿವೇಶನ್ ರೆಂಡರ್ ಆಗಲು, ಅಂದರೆ ತ್ರೀಡಿ ಮಾಡೆಲ್‌ನಿಂದ ಪೂರ್ತಿ ಚಿತ್ರ ಮೂಡಿಬರಲು, ರಾತ್ರಿಯೆಲ್ಲ ಬೇಕಿತ್ತು. ಅದಕ್ಕೇ ಬೆಂಗಳೂರಿನ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋಗಿದ್ದೆ.

ಅಲ್ಲಿ ಎರಡು ಪ್ರೊಸೆಸರ್ ಇರುವ, ಭಾರದ ಕೆಲಸಕ್ಕೆಂದೇ ಮಾಡಿದ ವರ್ಕ್‌ಸ್ಟೇಷನ್ ತೋರಿಸಿದರು. ಇಂಟೆಲ್ ಝಿಯಾನ್ ಇ5-2670, ಒಂದೊಂದರಲ್ಲಿ 8 ಕೋರ್ (ಲೆಕ್ಕದ ಕೆಲಸ ಮಾಡುವ ಭಾಗ). "ಒಟ್ಟು 16 ಕೋರ್, 32 ಥ್ರೆಡ್ ಸರ್. ಹೊಸ ಐ5 ಪ್ರೊಸೆಸರ್ ಎಲ್ಲ ಇದರ ಮುಂದೆ ಏನೂ ಅಲ್ಲ" ಅಂದರು. ಥ್ರೆಡ್ ಅಂದರೆ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು. ನಂಬಿ 48 ಸಾವಿರ ಎಣಿಸಿಕೊಟ್ಟೆ.

ಮೊದಲ ಆಲ್ಬಮ್‌ಗೇ ಫೋಟೋಶಾಪ್ ತಡವರಿಸಿತು. ಬ್ರಷ್ ಎಳೆದರೆ ಗೆರೆ ಆಮೇಲೆ ಬರುತ್ತಿತ್ತು. ಫೋಟೋಶಾಪ್‌ನ ಎಷ್ಟೋ ಕೆಲಸ ಒಂದೆರಡು ಕೋರ್ ಮೇಲೇ ನಡೆಯುತ್ತದೆ, ಮಿಕ್ಕವು ಸುಮ್ನೆ ಕೂತಿರುತ್ತವೆ. ಅಲ್ಲಿ ಬೇಕಾಗಿದ್ದು ಒಂದು ಕೋರ್‌ನ ವೇಗ. ಇದೋ 2012ರ ಪ್ರೊಸೆಸರ್, 2.6 ಗಿಗಾಹರ್ಟ್ಸ್. ಗೆಳೆಯನ ಮಾಮೂಲಿ ಐ5ನಲ್ಲಿ ಅದೇ ಫೈಲ್ ಸಲೀಸಾಗಿ ಓಡಿತು.

ಹೋಗಲಿ, ರೆಂಡರ್ ಆದರೂ ಬೇಗ ಆಗಬೇಕಲ್ವಾ? ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವ ಸೈಕಲ್ಸ್ ಎಲ್ಲ ಕೋರ್‌ಗಳನ್ನೂ ಬಳಸಿಕೊಳ್ಳುತ್ತದೆ. ಆದರೂ ಅಂದುಕೊಂಡಷ್ಟು ವೇಗ ಬರಲಿಲ್ಲ. ಎರಡು ತಿಂಗಳಾದ ಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಸಾಕೆಟ್ಸ್: 1. ಅಂದರೆ ಒಂದೇ ಪ್ರೊಸೆಸರ್ ಬಳಕೆಯಲ್ಲಿತ್ತು. ಹೊಟ್ಟೆ ಉರಿಯಿತು. ಅವರು ಹಾಕಿಕೊಟ್ಟಿದ್ದು ವಿಂಡೋಸ್ ಹೋಮ್. ಹೋಮ್ ಒಂದೇ ಪ್ರೊಸೆಸರ್‌ಗೆ ಸೀಮಿತ, ಎರಡು ಓಡಬೇಕಾದರೆ ಪ್ರೊ ಬೇಕು. ಫೋನ್ ಮಾಡಿದರೆ "ಮಾರಿದ ಮೇಲೆ ನಮಗೆ ಸಂಬಂಧ ಇಲ್ಲ" ಅಂದರು. ಪ್ರೊಗೆ ಮತ್ತೆ ದುಡ್ಡು ಹಾಕಿದೆ. ರ್‍ಯಾಮ್ ಕಡ್ಡಿಗಳೂ ಎಲ್ಲ ಒಂದೇ ಪ್ರೊಸೆಸರ್ ಪಕ್ಕ ಇದ್ದವು, ಇನ್ನೊಂದು ಅದರ ಮೂಲಕವೇ ಅವನ್ನು ಮುಟ್ಟಬೇಕಿತ್ತು. ಅರ್ಧ ತೆಗೆದು ಇನ್ನೊಂದರ ಪಕ್ಕಕ್ಕೆ ಹಾಕಿದ ಮೇಲೆ ರೆಂಡರ್ ಸುಧಾರಿಸಿತು.

ಆಮೇಲೆ ಕರೆಂಟ್ ಕಾಟ. ಪೂರ್ತಿ ಓಡುವಾಗ ಈ ಪ್ರೊಸೆಸರ್ ತಲಾ 115 ವ್ಯಾಟ್ ಮಟ್ಟದ್ದು, ಎರಡಕ್ಕೇ 230. ಗುಬ್ಬಿಯ ಒಬ್ಬರಿಗೆ ಗುದ್ದಲಿ ಪೂಜೆಯ ಫ್ಲೆಕ್ಸ್‌ಗೆ ಎಲಿವೇಶನ್ ಬೇಕಿತ್ತು. ರಾತ್ರಿ ಕರೆಂಟ್ ಹೋಯಿತು, ನನ್ನ ಹಳೇ ಯುಪಿಎಸ್ ಎರಡು ಸಲ ಕೂಗಿ ಆಫ್ ಆಯಿತು. ಪೂಜೆ ಎಲಿವೇಶನ್ ಇಲ್ಲದೆ ನಡೆಯಿತು. ಆ ಮನುಷ್ಯನ ಮುಖ ಈಗಲೂ ಕಣ್ಣ ಮುಂದೆ ಇದೆ.

ಇನ್ನೊಂದು ವಿಷಯ. ಸೈಕಲ್ಸ್ ಗ್ರಾಫಿಕ್ಸ್ ಕಾರ್ಡ್ ಮೇಲೂ ಓಡುತ್ತದೆ. ಗೆಳೆಯನ 12 ಜಿಬಿ ಆರ್‌ಟಿಎಕ್ಸ್ 3060 ಕಾರ್ಡ್ ನನ್ನ ಎರಡೂ ಪ್ರೊಸೆಸರ್‌ಗಿಂತ ಎಷ್ಟೋ ಬೇಗ ಮುಗಿಸಿತು. ಅದನ್ನೇ ಹಾಕೋಣವೆಂದರೆ ನನ್ನ ವರ್ಕ್‌ಸ್ಟೇಷನ್‌ನ ಪವರ್ ಸಪ್ಲೈನಲ್ಲಿ ಅದಕ್ಕೆ ಬೇಕಾದ ಕೇಬಲ್ ಇಲ್ಲ. ಸಪ್ಲೈ ಬದಲಿಸೋಣವೆಂದರೆ ಅದರ ಅಳತೆಯೇ ಬೇರೆ. ಈ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಇಲ್ಲ, 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು.

ಪ್ರೊಸೆಸರ್ ಮೇಲೇ ದಿನವಿಡೀ ರೆಂಡರ್ ಮಾಡುವವರಿಗೆ ಎರಡು ಪ್ರೊಸೆಸರ್ ಉಪಯೋಗಕ್ಕೆ ಬರುತ್ತದೆ, ಅದೂ ಹೊಸ ತಲೆಮಾರಿನದಾದರೆ. ಆಲ್ಬಮ್, ಫ್ಲೆಕ್ಸ್ ಜಾಸ್ತಿ ಮಾಡುವ ನಮ್ಮಂಥವರು ವೇಗದ ಒಂದು ಪ್ರೊಸೆಸರ್ ತೆಗೆದುಕೊಂಡು, ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. ಅಂಗಡಿಗೆ ಹೋಗುವಾಗ ನಿಮ್ಮ ಅತಿ ಭಾರದ ಫೈಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಅಲ್ಲೇ ತೆರೆದು ಕೆಲಸ ಮಾಡಿ ನೋಡಿ. ಬೇಡ ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.